ಬಾಗಿಲು ಹಾಕಿದ ಮೇಲೂ ನಡೆಯುತ್ತಿರುವ ಮ್ಯೂಸಿಯಂ: ನ್ಯೂಯಾರ್ಕ್‌ನ ಹಿಮಾಲಯ ಕಲಾ ಸಂಗ್ರಹಕ್ಕೆ ಮುಂದೇನು?

ನ್ಯೂಯಾರ್ಕ್‌ನ ರೂಬಿನ್ ಮ್ಯೂಸಿಯಂ 2024ರ ಅಕ್ಟೋಬರ್ 6ರಂದು ಬಾಗಿಲು ಹಾಕಿತು. ಟಿಬೆಟ್, ನೇಪಾಳ, ಭೂತಾನ್ ಮತ್ತು ಅದರ ಸುತ್ತಮುತ್ತಲ ನಾಡುಗಳ ಕಲೆಗೆಂದೇ ಮ್ಯಾನ್‌ಹಟನ್‌ನಲ್ಲಿ ಇಪ್ಪತ್ತು ವರ್ಷ ನಡೆದ ಸಂಗ್ರಹಾಲಯ ಅದು. ಅಲ್ಲಿಗೆ ಅದರ ಕಥೆ ಮುಗಿಯಿತು ಎಂದುಕೊಂಡವರಿಗೆ ಮರುವರ್ಷ ಇನ್ನೊಂದು ಸುದ್ದಿ ಬಂತು. ಅಲ್ಲಿದ್ದ ಟಿಬೆಟನ್ ದೇವರಮನೆ 2025ರ ಜೂನ್‌ನಲ್ಲಿ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಮತ್ತೆ ತೆರೆಯಿತು. ಮುಚ್ಚಿದ ಸಂಸ್ಥೆಯ ಹೆಸರಿನಲ್ಲೇ ಕಲಾವಿದರಿಗೆ ಪ್ರಶಸ್ತಿ, ಸಂಶೋಧಕರಿಗೆ ಅನುದಾನ, ಊರೂರಿಗೆ ಪ್ರದರ್ಶನ ನಡೆದೇ ಇದೆ. ಇದಕ್ಕೂ ಮೊದಲು, 2022ರಲ್ಲಿ, ಇದೇ ಮ್ಯೂಸಿಯಂ ಕಳವಿನ ಮಾಲೆಂದು ಗೊತ್ತಾದ ಎರಡು ಮರದ ಕೆತ್ತನೆಗಳನ್ನು ನೇಪಾಳಕ್ಕೆ ಹಿಂತಿರುಗಿಸಿತ್ತು.

ಈ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದವರಲ್ಲಿ ಹಲವು ಪ್ರಶ್ನೆಗಳು ಏಳುವುದು ಸಹಜ. ಮ್ಯೂಸಿಯಂ ಇದೆಯೋ ಇಲ್ಲವೋ? ಇದ್ದರೆ ಆ ವಿಗ್ರಹಗಳು, ಚಿತ್ರಪಟಗಳು ಈಗ ಎಲ್ಲಿವೆ? ಕಳವಿನ ಮಾಲು ಸಿಕ್ಕಿಬಿದ್ದದ್ದಕ್ಕೇ ಮುಚ್ಚಿದರೇ? ಒಂದೊಂದಾಗಿ ಬಿಡಿಸಿ ನೋಡಬೇಕಾದ ವಿಷಯ ಇದು.

ಮುಚ್ಚಿದ್ದು ಏನು, ಉಳಿದದ್ದು ಏನು

ಮುಚ್ಚಿದ್ದು ಕಟ್ಟಡ ಮಾತ್ರ. ಸಂಸ್ಥೆ ಉಳಿದಿದೆ, ಸಂಗ್ರಹವೂ ಅದರ ಒಡೆತನದಲ್ಲೇ ಇದೆ. 2024ರ ಜನವರಿ ಕೊನೆಯಲ್ಲಿ ಈ ತೀರ್ಮಾನ ಪ್ರಕಟಿಸುವಾಗ ಆಡಳಿತ ಕೊಟ್ಟ ವಿವರಣೆ ಇದು: ಇನ್ನು ಮುಂದೆ ತಾವು ಒಂದು ಊರಿನ, ಒಂದು ಕಟ್ಟಡದ ಮ್ಯೂಸಿಯಂ ಅಲ್ಲ, ಇಡೀ ಜಗತ್ತಿನ ಮ್ಯೂಸಿಯಂ. ವಸ್ತುಗಳನ್ನು ಬೇರೆ ಸಂಗ್ರಹಾಲಯಗಳಿಗೆ ಎರವಲು ಕೊಡುವುದು, ಪ್ರವಾಸಿ ಪ್ರದರ್ಶನ ನಡೆಸುವುದು, ಅಂತರ್ಜಾಲದಲ್ಲಿ ಕಲಿಕೆಯ ಸಾಮಗ್ರಿ ಒದಗಿಸುವುದು, ಹಿಮಾಲಯ ಪ್ರದೇಶದ ಇಂದಿನ ಕಲಾವಿದರಿಗೆ ನೆರವಾಗುವುದು ಮುಂದಿನ ಕೆಲಸ. ಅದೇ ಪ್ರಕಟಣೆಯ ಜೊತೆಗೆ ಬಂದ ಇನ್ನೊಂದು ಸಂಗತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಸಿಬ್ಬಂದಿಯಲ್ಲಿ ಸುಮಾರು ಶೇ 40ರಷ್ಟು ಮಂದಿ ಕೆಲಸ ಕಳೆದುಕೊಳ್ಳಲಿದ್ದರು.

ಸಂಗ್ರಹದಲ್ಲಿರುವುದು ಸುಮಾರು 4,000 ವಸ್ತುಗಳು, 1,500 ವರ್ಷಗಳ ಹರಹು. ಇವುಗಳಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡದ್ದು ದೇವರಮನೆಯನ್ನು. ಅನುಕೂಲಸ್ಥ ಟಿಬೆಟನ್ ಕುಟುಂಬದ ಮನೆಯಲ್ಲಿ ಇರುವಂತೆ ಅದನ್ನು ಜೋಡಿಸಿದ್ದರು: ಬಣ್ಣ ಬಳಿದ ಮರದ ಪೀಠಗಳ ಮೇಲೆ ಸಾಲಾಗಿ ಲೋಹದ ವಿಗ್ರಹಗಳು, ಹಿಂದೆ ತೂಗುಹಾಕಿದ ಚಿತ್ರಪಟಗಳು, ಬಟ್ಟೆಯಲ್ಲಿ ಸುತ್ತಿಟ್ಟ ಗ್ರಂಥಗಳು, ಮುಂದೆ ನೀರಿನ ಬಟ್ಟಲು, ದೀಪ, ವಾದ್ಯ. ಗಾಜಿನ ಪೆಟ್ಟಿಗೆಯೊಳಗೆ ಒಂಟಿಯಾಗಿ ನಿಂತ ವಿಗ್ರಹ ನೋಡಿ ಬೇಸತ್ತವರಿಗೆ ಇಲ್ಲಿ ಅವೆಲ್ಲ ಒಟ್ಟಿಗೆ, ಅವು ಇರಬೇಕಾದ ಕ್ರಮದಲ್ಲಿ ಕಾಣುತ್ತಿದ್ದವು. ಎರಡು ವರ್ಷಕ್ಕೊಮ್ಮೆ ಜೋಡಣೆ ಬದಲಾಯಿಸಿ ಟಿಬೆಟನ್ ಬೌದ್ಧಧರ್ಮದ ನ್ಯಿಂಗ್ಮ, ಕಗ್ಯು, ಸಾಕ್ಯ, ಗೆಲುಗ್ ಎಂಬ ನಾಲ್ಕು ಪಂಥಗಳಿಗೂ ಸರದಿ ಕೊಡುವ ಪದ್ಧತಿಯಿತ್ತು. ಈಗ ಬ್ರೂಕ್ಲಿನ್‌ಗೆ ಹೋಗಿರುವುದು ಇದೇ ಕೋಣೆ. ನೂರಕ್ಕೂ ಹೆಚ್ಚು ವಸ್ತುಗಳು, ಆರು ವರ್ಷದ ಎರವಲು. ಉಳಿದ ಸಂಗ್ರಹದ ಬಹುಪಾಲು ಉಗ್ರಾಣದಲ್ಲಿದೆ, ಒಂದಿಷ್ಟು ಪ್ರದರ್ಶನಗಳ ಜೊತೆ ಓಡಾಡುತ್ತಿದೆ.

ಇಬ್ಬರ ಆಸಕ್ತಿಯಿಂದ ಬೆಳೆದ ಸಂಸ್ಥೆ

ಈ ಮ್ಯೂಸಿಯಂ ಸರ್ಕಾರದ್ದಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಆರೋಗ್ಯ ಸೇವಾ ಜಾಲದ ಉದ್ಯಮದಲ್ಲಿ ಹಣ ಮಾಡಿದ ಡೊನಾಲ್ಡ್ ರೂಬಿನ್ ಮತ್ತು ಅವರ ಪತ್ನಿ ಶೆಲ್ಲಿ ರೂಬಿನ್ 1970ರ ದಶಕದಲ್ಲಿ ಹಿಮಾಲಯದ ಕಲಾಕೃತಿಗಳನ್ನು ಕೊಳ್ಳಲು ಶುರುಮಾಡಿದರು. ಮೊದಲು ಕೊಂಡದ್ದು ಮ್ಯಾಡಿಸನ್ ಅವೆನ್ಯೂವಿನ ಗ್ಯಾಲರಿಯೊಂದರಲ್ಲಿ ಕಂಡ ಶ್ವೇತ ತಾರಾ ದೇವಿಯ ಚಿತ್ರಪಟ. ಕೊಳ್ಳುತ್ತಾ ಕೊಳ್ಳುತ್ತಾ ಸಂಗ್ರಹ ಮನೆಯಲ್ಲಿ ಹಿಡಿಸದಷ್ಟಾಯಿತು. 1998ರಲ್ಲಿ ಚೆಲ್ಸಿಯಾ ಬಡಾವಣೆಯಲ್ಲಿ ಬಾರ್ನೀಸ್ ಎಂಬ ಹೆಸರಾಂತ ಬಟ್ಟೆ ಮಳಿಗೆ ಇದ್ದ ಕಟ್ಟಡ ಖರೀದಿಸಿ, ಅಂಗಡಿಯ ಕಾಲದ ಸುರುಳಿ ಮೆಟ್ಟಿಲನ್ನು ಹಾಗೆಯೇ ಉಳಿಸಿಕೊಂಡು, 2004ರ ಅಕ್ಟೋಬರ್‌ನಲ್ಲಿ ಮ್ಯೂಸಿಯಂ ತೆರೆದರು.

ಇವರು ಕೊಳ್ಳತೊಡಗಿದ ಕಾಲ ಎಂಥದ್ದು ಎಂಬುದನ್ನು ಗಮನಿಸದೆ ಮುಂದಿನ ವಿವಾದ ಅರ್ಥವಾಗುವುದಿಲ್ಲ. ರಾಣಾ ಮನೆತನದ ಆಡಳಿತ ಕೊನೆಗೊಂಡ 1951ರವರೆಗೆ ನೇಪಾಳ ಹೊರಗಿನವರಿಗೆ ಹೆಚ್ಚುಕಡಿಮೆ ಮುಚ್ಚಿದ ದೇಶ. ಬಾಗಿಲು ತೆರೆದ ಮೇಲೆ ಪ್ರವಾಸಿಗಳು ಬಂದರು, ಅವರ ಬೆನ್ನಿಗೆ ವ್ಯಾಪಾರಿಗಳೂ ಬಂದರು. ಕಠ್ಮಂಡು ಕಣಿವೆಯಲ್ಲಿ ದೇವರು ಬೀಗ ಹಾಕಿದ ಗರ್ಭಗುಡಿಯಲ್ಲಷ್ಟೇ ಇರುವುದಿಲ್ಲ. ಬೀದಿ ಬದಿಯ ನೀರಿನ ಕಟ್ಟೆಯಲ್ಲಿ, ಓಣಿಯ ಗೂಡಿನಲ್ಲಿ, ವಿಹಾರದ ಬಾಗಿಲ ಮೇಲಿನ ತೋರಣದಲ್ಲಿ, ಎಲ್ಲೆಲ್ಲೂ ಇರುತ್ತಾನೆ. ಕಾವಲು ಬೇಕೆಂದು ಯಾರಿಗೂ ಅನಿಸಿರಲೇ ಇಲ್ಲ. 1960ರಿಂದ 80ರ ದಶಕದವರೆಗೆ ಅಲ್ಲಿಂದ ಸಾವಿರಾರು ಮೂರ್ತಿಗಳು ಕಾಣೆಯಾದವು. ಪುರಾತನ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಸಾಗಿಸುವುದನ್ನು ತಡೆಯುವ ಕಾನೂನನ್ನು ನೇಪಾಳ 1956ರಲ್ಲೇ ಮಾಡಿತ್ತು, ಆದರೆ ಅದನ್ನು ಜಾರಿ ಮಾಡುವ ಶಕ್ತಿ ಆ ಸರ್ಕಾರಕ್ಕೆ ಇರಲಿಲ್ಲ.

ಟಿಬೆಟ್‌ನದು ಇನ್ನೊಂದು ಬಗೆಯ ದುರಂತ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹೊತ್ತುಕೊಳ್ಳಲು ಸಾಧ್ಯವಾದಷ್ಟನ್ನು ಹೊತ್ತುಕೊಂಡು ಗಡಿ ದಾಟಿದರು. ಹೊಟ್ಟೆಪಾಡಿಗಾಗಿ ಮನೆಯ ವಿಗ್ರಹವನ್ನು, ಚಿತ್ರಪಟವನ್ನು ಕಠ್ಮಂಡುವಿನ, ದೆಹಲಿಯ ಅಂಗಡಿಗಳಲ್ಲಿ ಮಾರಿದ ನಿರಾಶ್ರಿತರು ಬಹಳ. ಅತ್ತ 1966ರಿಂದ ಹತ್ತು ವರ್ಷ ನಡೆದ ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಠಗಳನ್ನು ಕೆಡವಿದರು, ಲೋಹದ ಮೂರ್ತಿಗಳನ್ನು ರಾಶಿ ಹಾಕಿ ಕರಗಿಸಿದರು. ಪಶ್ಚಿಮದ ಸಂಗ್ರಹಕಾರರ ಕೈಗೆ ಬಂದ ವಸ್ತುಗಳಲ್ಲಿ ಕಳವಾದದ್ದೂ ಇತ್ತು, ಕಷ್ಟಕ್ಕೆ ಮಾರಿದ್ದೂ ಇತ್ತು, ನಾಶದಿಂದ ಪಾರಾದದ್ದೂ ಇತ್ತು. ಅಂಗಡಿಯ ರಸೀದಿ ನೋಡಿದರೆ ಇವುಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ಹಣದ ಲೆಕ್ಕ

ಕಟ್ಟಡ ಮುಚ್ಚಲು ಕಾರಣವೇನು ಎಂಬ ಪ್ರಶ್ನೆಗೆ ಆಡಳಿತದ ಉತ್ತರ, ಹೆಚ್ಚು ಜನರನ್ನು ತಲುಪುವ ಆಸೆ. ಅದು ಸುಳ್ಳಲ್ಲದಿರಬಹುದು, ಆದರೆ ಪೂರ್ತಿ ಉತ್ತರವೂ ಅಲ್ಲ. 2019ರಲ್ಲೇ ಈ ಮ್ಯೂಸಿಯಂ ಖರ್ಚು ತಗ್ಗಿಸಲು ಸುಮಾರು ಕಾಲು ಭಾಗ ಸಿಬ್ಬಂದಿಯನ್ನು ಕೈಬಿಟ್ಟು ಕಾರ್ಯಕ್ರಮಗಳನ್ನು ಕಡಿಮೆ ಮಾಡಿತ್ತು. ಮರುವರ್ಷ ಕೋವಿಡ್ ಬಂತು.

ಮ್ಯೂಸಿಯಂ ನಡೆಸುವ ಖರ್ಚಿನಲ್ಲಿ ಪ್ರದರ್ಶನದ ಪಾಲಿಗಿಂತ ಕಟ್ಟಡದ ಪಾಲು ದೊಡ್ಡದು. ಹತ್ತಿಬಟ್ಟೆಯ ಮೇಲೆ ಬರೆದ ಚಿತ್ರಪಟಕ್ಕೆ ತೇವಾಂಶ ಏರಿಳಿಯಬಾರದು, ಬೆಳಕು ಮಂದವಾಗಿರಬೇಕು. ಹಗಲುರಾತ್ರಿ ಯಂತ್ರಗಳು ಓಡುತ್ತಿರಬೇಕು, ಪ್ರತಿ ಅಂತಸ್ತಿನಲ್ಲೂ ಕಾವಲುಗಾರ ಬೇಕು, ವಿಮೆ ಕಟ್ಟಬೇಕು. ಟಿಕೆಟ್ ದುಡ್ಡು ಇದಕ್ಕೆ ಯಾವ ಮೂಲೆಗೂ ಸಾಲದು. ದೊಡ್ಡ ಮ್ಯೂಸಿಯಂಗಳಿಗೆ ದಾನ ಕೊಡುವವರು ನೂರಾರು ಮಂದಿ ಇರುತ್ತಾರೆ. ಒಂದೇ ಕುಟುಂಬದ ಆಸಕ್ತಿಯಿಂದ ಹುಟ್ಟಿದ ಸಂಸ್ಥೆಗೆ ಅಂಥ ಬಳಗ ಕಟ್ಟಿಕೊಳ್ಳುವುದು ಕಷ್ಟ. ಸುಮಾರು 15 ಕೋಟಿ ಡಾಲರ್‌ನಷ್ಟು ಮೂಲನಿಧಿ ಇದೆ ಎಂಬ ವರದಿಗಳಿದ್ದವು. ಕೇಳಲು ದೊಡ್ಡ ಮೊತ್ತ. ಆದರೆ ಮೂಲನಿಧಿಯನ್ನು ಮುಟ್ಟುವಂತಿಲ್ಲ, ಅದರ ಆದಾಯದಲ್ಲಿ ಒಂದಂಶವನ್ನಷ್ಟೇ ಪ್ರತಿವರ್ಷ ಬಳಸಬಹುದು. ಆ ಅಂಶ ಮ್ಯಾನ್‌ಹಟನ್‌ನ ಕಟ್ಟಡವೊಂದರ ನಿರ್ವಹಣೆಯಲ್ಲೇ ಕರಗುತ್ತಿದ್ದರೆ ಸಂಶೋಧನೆಗೂ ಎರವಲಿಗೂ ಉಳಿಯುವುದೆಷ್ಟು? ಕಟ್ಟಡ ಮಾರಿದರೆ ಖರ್ಚೂ ತಪ್ಪುತ್ತದೆ, ನಿಧಿಯೂ ಬೆಳೆಯುತ್ತದೆ. ಆಡಳಿತ ಮಂಡಳಿಯ ಕಣ್ಣಿನಿಂದ ನೋಡಿದರೆ ಲೆಕ್ಕ ಸರಳ.

ಕಲಾಕೃತಿಗಳನ್ನೇ ಒಂದಷ್ಟು ಮಾರಿ ಕಟ್ಟಡ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅಮೆರಿಕದ ಮ್ಯೂಸಿಯಂ ವಲಯದ ನೀತಿಸಂಹಿತೆ ಇದನ್ನು ಒಪ್ಪುವುದಿಲ್ಲ. ಸಂಗ್ರಹದ ವಸ್ತು ಮಾರಿ ಸಂಬಳ, ವಿದ್ಯುತ್ ಬಿಲ್ಲು ಕಟ್ಟಿದ ಮ್ಯೂಸಿಯಂನೊಂದಿಗೆ ಉಳಿದವು ಎರವಲಿನ ವ್ಯವಹಾರವನ್ನೇ ನಿಲ್ಲಿಸುತ್ತವೆ. ಸಂಗ್ರಹ ಉಳಿಸಿಕೊಂಡು ಕಟ್ಟಡ ಬಿಟ್ಟದ್ದು, ಈ ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಸರಿಯಾದ ಆಯ್ಕೆಯೇ.

ಇತುಂಬಹಾದ ಅಪ್ಸರೆ

ಕಳವಿನ ವಿವಾದಕ್ಕೂ ಮುಚ್ಚುವಿಕೆಗೂ ಸಂಬಂಧವಿದೆ ಎಂಬ ಮಾತು ಕಠ್ಮಂಡುವಿನಲ್ಲೂ ನ್ಯೂಯಾರ್ಕ್‌ನಲ್ಲೂ ಕೇಳಿಬಂತು. ಬಹಿರಂಗವಾಗಿರುವ ಸಂಗತಿಗಳು ಅದನ್ನು ಸಮರ್ಥಿಸುವುದಿಲ್ಲ. ನಾಲ್ಕು ಸಾವಿರ ವಸ್ತುಗಳಲ್ಲಿ ಹಿಂತಿರುಗಿದ್ದು ಬೆರಳೆಣಿಕೆಯಷ್ಟು. ಆದರೂ ಆ ಪ್ರಕರಣಗಳನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಕಟ್ಟಡ ಮುಚ್ಚಿದ ಮೇಲೆ ನಿಜವಾಗಿ ಏನು ಕಳೆದುಹೋಗಬಹುದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕಠ್ಮಂಡುವಿನ ಹಳೆಯ ಪೇಟೆಯೊಳಗೆ ಇತುಂಬಹಾ ಎಂಬ ಬೌದ್ಧ ವಿಹಾರವಿದೆ. ಅದರ ಕಿಟಕಿಯೊಂದರ ಅಲಂಕಾರದಲ್ಲಿ ಹೂಮಾಲೆ ಹಿಡಿದು ಹಾರುವ ಅಪ್ಸರೆಯ ಮರದ ಕೆತ್ತನೆಯಿತ್ತು. 14ನೇ ಶತಮಾನದ್ದು. 1999ರಿಂದ ಅದು ಕಾಣೆ. ಕಠ್ಮಂಡುವಿನ ಪಕ್ಕದ ಪಾಟನ್ ನಗರದ ಯಂಪಿ ಮಹಾವಿಹಾರದ 17ನೇ ಶತಮಾನದ ಮರದ ತೋರಣದ ಮೇಲ್ಭಾಗವೂ ಹೀಗೆಯೇ ಹೋಗಿತ್ತು. ಎರಡೂ ಇದ್ದದ್ದು ರೂಬಿನ್ ಮ್ಯೂಸಿಯಂನಲ್ಲಿ. ಪತ್ತೆ ಹಚ್ಚಿದವರು ಪೊಲೀಸರಲ್ಲ. ಹಳೆಯ ಫೋಟೊಗಳನ್ನು ಇಂದಿನ ಮ್ಯೂಸಿಯಂ ಮತ್ತು ಹರಾಜು ಚಿತ್ರಗಳ ಪಕ್ಕಕ್ಕಿಟ್ಟು ಬಿರುಕು, ಮುಕ್ಕು, ಬೆರಳಿನ ತಿರುವು ಹೋಲಿಸಿ ನೋಡುವ ನೇಪಾಳದ ಹವ್ಯಾಸಿಗಳು. ಲಾಸ್ಟ್ ಆರ್ಟ್ಸ್ ಆಫ್ ನೇಪಾಳ್ ಎಂಬ ಫೇಸ್‌ಬುಕ್ ಪುಟ ಮತ್ತು ನೇಪಾಳ ಹೆರಿಟೇಜ್ ರಿಕವರಿ ಕ್ಯಾಂಪೇನ್ ಎಂಬ ಸಂಘಟನೆ ಈ ಕೆಲಸದಲ್ಲಿ ಮುಂದಿವೆ. ಇವರಿಗೆ ಆಧಾರವಾಗಿರುವ ದಾಖಲೆಗಳಲ್ಲಿ ಕಲಾವಿದ ಲೈನ್ ಸಿಂಗ್ ಬಾಂಗ್ದೆಲ್ ತೆಗೆದ ಫೋಟೊಗಳೂ ಸೇರಿವೆ. ಕಳವಾಗುವ ಮುನ್ನ ಆ ಮೂರ್ತಿಗಳು ಎಲ್ಲಿ, ಹೇಗಿದ್ದವು ಎಂಬುದಕ್ಕೆ ಅವು ಸಾಕ್ಷಿ.

ಪುರಾವೆ ಮುಂದಿಟ್ಟಾಗ ರೂಬಿನ್ ಮ್ಯೂಸಿಯಂ ಜಗಳಕ್ಕೆ ನಿಲ್ಲಲಿಲ್ಲ, 2022ರ ಜನವರಿಯಲ್ಲಿ ಎರಡನ್ನೂ ಕೊಡುವುದಾಗಿ ಒಪ್ಪಿತು. ಆಮೇಲೆ ಇತುಂಬಹಾದಲ್ಲೇ ವಿಹಾರದ ವಸ್ತುಗಳಿಗೆ ಒಂದು ಚಿಕ್ಕ ಮ್ಯೂಸಿಯಂ ಮಾಡಲು ನೆರವಾಯಿತು. 2023ರ ಜುಲೈನಲ್ಲಿ ಅದರ ಉದ್ಘಾಟನೆಯ ದಿನವೇ ಪ್ರತಿಭಟನೆ ನಡೆಯಿತು. ಪ್ರತಿಭಟಿಸಿದವರ ವಾದ, ಎರಡು ವಸ್ತು ಕೊಟ್ಟು ಒಳ್ಳೆಯ ಹೆಸರು ತಗೊಳ್ಳುವ ಬದಲು ನಿಮ್ಮಲ್ಲಿರುವ ಉಳಿದ ನೇಪಾಳಿ ವಸ್ತುಗಳ ಲೆಕ್ಕ ಕೊಡಿ ಎಂಬುದು. ವಿಹಾರದ ಹಲವರ ಅಭಿಪ್ರಾಯ ಬೇರೆಯಿತ್ತು: ನಮ್ಮ ಆಸ್ತಿಯನ್ನು ಕಾಪಾಡಿಕೊಳ್ಳಲು ನೆರವು ಬೇಕಿತ್ತು, ಅದು ಬಂತು. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ.

ಇಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೂನಿನ ಪಾತ್ರ ದೊಡ್ಡದು. ಕಳ್ಳನಿಂದ ಕೊಂಡವನಿಗೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ಒಡೆತನ ಬರುವುದಿಲ್ಲ. ನಡುವೆ ಹತ್ತು ಕೈ ಬದಲಾಗಿದ್ದರೂ ಬರುವುದಿಲ್ಲ. ಸಿವಿಲ್ ದಾವೆಯ ಕಾಲಮಿತಿ ಲೆಕ್ಕಕ್ಕೆ ಬರುವುದು ಕಳವಾದ ದಿನದಿಂದಲ್ಲ. ನಿಜವಾದ ಒಡೆಯ ಕೇಳಿ, ಹೊಂದಿದವನು ಕೊಡುವುದಿಲ್ಲ ಎಂದ ದಿನದಿಂದ. ಮ್ಯಾನ್‌ಹಟನ್ ಜಿಲ್ಲಾ ಅಟಾರ್ನಿ ಕಚೇರಿಯಲ್ಲಿ 2017ರಿಂದ ಪುರಾತನ ವಸ್ತುಗಳ ಕಳ್ಳಸಾಗಣೆಗೆಂದೇ ಪ್ರತ್ಯೇಕ ಘಟಕವಿದೆ. ಭಾರತಕ್ಕೆ ಈಚೆಗೆ ಮರಳಿದ ನೂರಾರು ಶಿಲ್ಪಗಳು ಬಂದದ್ದು ಈ ಘಟಕದ ಮೂಲಕವೇ. ರೂಬಿನ್ ಸಂಗ್ರಹದಲ್ಲಿದ್ದ 16ನೇ ಶತಮಾನದ ಭೈರವ ಮುಖವಾಡವೂ 2023ರಲ್ಲಿ ಇದೇ ದಾರಿಯಲ್ಲಿ ನೇಪಾಳಕ್ಕೆ ಹೋಯಿತು.

ಮೂಲವಿಗ್ರಹವೂ ಉತ್ಸವಮೂರ್ತಿಯೂ

ಇಷ್ಟೆಲ್ಲ ಇದ್ದರೂ ಎಲ್ಲವನ್ನೂ ಹಿಂದಕ್ಕೆ ಕಳಿಸಿಬಿಡಿ ಎಂದು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ವಸ್ತುಗಳ ಸ್ವಭಾವವೇ ಬೇರೆಬೇರೆ. ನಮ್ಮ ದೇವಸ್ಥಾನಗಳ ರೂಢಿಯಿಂದ ಇದನ್ನು ತಿಳಿಯಬಹುದು. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಉತ್ಸವಮೂರ್ತಿ ಇರುವುದೇ ಹೊರಡುವುದಕ್ಕೆ. ಹಿಮಾಲಯದ ಕಲೆಯಲ್ಲೂ ಕದಲಬಾರದ್ದು ಮತ್ತು ಕದಲುವುದಕ್ಕೇ ಮಾಡಿದ್ದು ಎರಡೂ ಇವೆ.

ತಂಕಾ ಎಂಬ ಚಿತ್ರಪಟವನ್ನು ತೆಗೆದುಕೊಳ್ಳಿ. ಹತ್ತಿಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಪ್ರಾಣಿಜನ್ಯ ಅಂಟು ಮತ್ತು ಸುಣ್ಣದ ಪುಡಿ ಬೆರೆಸಿ ಬಳಿದು, ಒಣಗಿದ ಮೇಲೆ ನುಣುಪಾಗುವವರೆಗೆ ಕಲ್ಲಿನಿಂದ ಉಜ್ಜುತ್ತಾರೆ. ಆಮೇಲೆ ದೇವತೆಯ ಅಳತೆಯ ಗೆರೆಗಳು, ಅದರ ಮೇಲೆ ಖನಿಜದ ಬಣ್ಣ, ಕೊನೆಗೆ ಕಣ್ಣು. ಸುತ್ತಲೂ ರೇಷ್ಮೆಯ ಅಂಚು ಹೊಲಿದು ಕೆಳಗೆ ಕೋಲು ಕಟ್ಟಿದರೆ ಸುತ್ತಿಕೊಂಡು ಕುದುರೆಯ ಮೇಲೆ ಒಯ್ಯಬಹುದು. ಡೇರೆಯಿಂದ ಡೇರೆಗೆ, ಮಠದಿಂದ ಮಠಕ್ಕೆ ಸಾಗಲೆಂದೇ ಇದನ್ನು ಮಾಡಿದ್ದು. ಎಷ್ಟೋ ತಂಕಾಗಳನ್ನು ತಿರುಗಿಸಿ ಹಿಂಬದಿ ನೋಡಿದರೆ, ಮುಂಬದಿಯ ದೇವತೆಯ ಹಣೆ, ಕಂಠ, ಹೃದಯಕ್ಕೆ ಸರಿಯಾಗಿ ಓಂ, ಆಃ, ಹೂಂ ಎಂಬ ಮೂರು ಅಕ್ಷರಗಳಿರುತ್ತವೆ. ಪ್ರಾಣಪ್ರತಿಷ್ಠೆ ಆಗಿದೆ ಎಂಬುದರ ಗುರುತು ಅದು. ಲೋಹದ ವಿಗ್ರಹವಾದರೆ ಒಳಗೆ ಮಂತ್ರ ಬರೆದ ಸುರುಳಿ, ಧಾನ್ಯ, ಪವಿತ್ರ ವಸ್ತು ತುಂಬಿ ತಳಕ್ಕೆ ತಾಮ್ರದ ತಗಡು ಮುಚ್ಚುತ್ತಾರೆ, ತಗಡಿನ ಮೇಲೆ ವಜ್ರಾಯುಧಗಳನ್ನು ಅಡ್ಡಡ್ಡ ಕೊರೆದಿರುತ್ತಾರೆ. ಮಾರುಕಟ್ಟೆಗೆ ಬಂದ ಎಷ್ಟೋ ವಿಗ್ರಹಗಳ ತಳ ಕಿತ್ತುಹೋಗಿ ಒಳಗೆಲ್ಲ ಖಾಲಿ. ಆ ಖಾಲಿತನವೇ ಅದು ಸಾಗಿ ಬಂದ ದಾರಿಯ ಬಗ್ಗೆ ಒಂದು ಸುಳಿವು.

ಇತುಂಬಹಾದ ಅಪ್ಸರೆಯ ಕಥೆ ಹಾಗಲ್ಲ. ಅವಳು ಒಂದು ನಿರ್ದಿಷ್ಟ ಕಿಟಕಿಯ ಭಾಗ. ಬೇರೆಲ್ಲಿಟ್ಟರೂ ಅದು ಕಿತ್ತ ತುಂಡೇ. ಇಂಥ ವಸ್ತುಗಳನ್ನು ಹಿಂತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಾಟನ್‌ನ ಪಟ್ಕೋ ಟೋಲೆ ಎಂಬ ಕೇರಿ ಸಾಕ್ಷಿ. ಅರ್ಧ ವಿಷ್ಣು ಅರ್ಧ ಲಕ್ಷ್ಮಿಯಾದ ಲಕ್ಷ್ಮೀನಾರಾಯಣ ಮೂರ್ತಿ ಅಲ್ಲಿಂದ 1984ರಲ್ಲಿ ಕಳವಾಗಿ, ಹರಾಜಿನಲ್ಲಿ ಮಾರಾಟವಾಗಿ, ಟೆಕ್ಸಾಸ್‌ನ ಡಲ್ಲಾಸ್ ಮ್ಯೂಸಿಯಂನಲ್ಲಿ ಮೂವತ್ತು ವರ್ಷ ಇತ್ತು. 2021ರಲ್ಲಿ ಮರಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದನ್ನು ಅದೇ ಗುಡಿಯಲ್ಲಿ ಮತ್ತೆ ಪ್ರತಿಷ್ಠಾಪಿಸಿದರು. ಅಷ್ಟು ವರ್ಷ ಅಲ್ಲಿನ ಜನ ಪ್ರತಿಕೃತಿಯೊಂದನ್ನು ಇಟ್ಟು ಪೂಜೆ ನಿಲ್ಲದಂತೆ ನಡೆಸಿದ್ದರು. ಕಠ್ಮಂಡು ನಮಗೆ ಅಷ್ಟೇನೂ ದೂರದ ಲೋಕವಲ್ಲ. ಪಶುಪತಿನಾಥನ ಪೂಜೆಗೆ ನಮ್ಮ ಕರಾವಳಿಯ ಭಟ್ಟರು ಹೋಗುವ ಪರಂಪರೆ ಇಂದಿಗೂ ಇದೆ. ದೇವರು ಕಳೆದುಹೋದ ಗುಡಿಯಲ್ಲಿ ಪೂಜೆ ನಡೆಸುವುದು ಅಂದರೇನು ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಟಿಬೆಟ್‌ನ ವಸ್ತು ಯಾರಿಗೆ?

ನೇಪಾಳಕ್ಕೆ ಸರ್ಕಾರವಿದೆ, ರಾಯಭಾರ ಕಚೇರಿಯಿದೆ, ಕೇಳುವ ಸಮುದಾಯವಿದೆ, ವಸ್ತು ಹೋಗಿ ಸೇರಬೇಕಾದ ವಿಹಾರ ಇನ್ನೂ ನಿಂತಿದೆ. ಟಿಬೆಟ್‌ನ ವಿಷಯದಲ್ಲಿ ಈ ಯಾವುದೂ ಇಷ್ಟು ಸ್ಪಷ್ಟವಿಲ್ಲ. ಕಾನೂನಿನ ಪ್ರಕಾರ ಮೂಲ ದೇಶಕ್ಕೆ ಕೊಡಬೇಕೆಂದರೆ ಕೊಡಬೇಕಾದದ್ದು ಚೀನಾಕ್ಕೆ. ಮಠಗಳನ್ನು ಒಡೆದ ಆಡಳಿತದ ಕೈಗೇ ಮಠದ ವಸ್ತು ಒಪ್ಪಿಸುವುದನ್ನು ದೇಶಭ್ರಷ್ಟ ಟಿಬೆಟನ್ನರು ಒಪ್ಪುವುದು ಸಾಧ್ಯವೇ? ಧರ್ಮಶಾಲಾದಲ್ಲಿರುವ ದೇಶಭ್ರಷ್ಟ ಟಿಬೆಟನ್ ಆಡಳಿತಕ್ಕೆ ಕೊಡೋಣವೆಂದರೆ ಅದಕ್ಕೆ ಯಾವ ದೇಶದ ಮಾನ್ಯತೆಯೂ ಇಲ್ಲ. ಹೀಗಾಗಿ ಈ ವಸ್ತುಗಳು ಪಶ್ಚಿಮದ ಮ್ಯೂಸಿಯಂಗಳಲ್ಲೇ ಇರಲಿ, ಅಲ್ಲಿ ಕನಿಷ್ಠ ಸುರಕ್ಷಿತವಾಗಿವೆ ಎನ್ನುವ ಟಿಬೆಟನ್ನರು ಬಹಳ ಮಂದಿ ಇದ್ದಾರೆ.

ಮೂರನೆಯ ದಾರಿಯೊಂದಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಅದು ಕರ್ನಾಟಕಕ್ಕೂ ಸಂಬಂಧಿಸಿದ್ದು. ಭಾರತದಲ್ಲಿ ಟಿಬೆಟನ್ನರ ದೊಡ್ಡ ನೆಲೆಗಳಿರುವುದು ನಮ್ಮಲ್ಲಿ. 1960ರಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ವಸತಿಗಳು ಬಂದವು. ಲಾಸಾ ಸುತ್ತಮುತ್ತಲ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು. ಸಾವಿರಾರು ಭಿಕ್ಷುಗಳು ಓದುತ್ತಿರುವ, ತಂಕಾ ಬರೆಯುವವರೂ ಮರಳಿನ ಮಂಡಲ ಬಿಡಿಸುವವರೂ ಇರುವ ಜೀವಂತ ಕೇಂದ್ರಗಳು ಇವು. ದಾಖಲೆ ಶುದ್ಧವಾಗಿರುವ ಮಠದ ವಸ್ತುಗಳನ್ನು ಇಂಥ ಕಡೆಗೆ ದೀರ್ಘಕಾಲದ ಎರವಲಾಗಿ ಕೊಡಲು ಏನು ಅಡ್ಡಿ? ಅಡ್ಡಿ ಇರುವುದು ನಿಜ. ವಿಮೆಯ ಷರತ್ತು, ತೇವಾಂಶ, ಭದ್ರತೆ, ಸುಂಕದ ಕಾಗದಪತ್ರ, ಎಲ್ಲವೂ ಅಡ್ಡಿಗಳೇ. ಪೂಜೆಗೆ ಬಳಸಿದರೆ ಹೊಗೆ ಹಿಡಿಯುತ್ತದೆ ಎಂಬ ಆತಂಕ ಇನ್ನೊಂದು. ಆದರೆ ಕಟ್ಟಡದ ಖರ್ಚು ಉಳಿಸಿ ಜಗತ್ತಿಗೇ ಎರವಲು ಕೊಡುತ್ತೇವೆ ಎಂದು ಹೊರಟ ಸಂಸ್ಥೆ ಹಣ ಹಾಕಬೇಕಾದದ್ದು ಇಂಥ ಅಡ್ಡಿಗಳನ್ನು ನಿವಾರಿಸುವುದಕ್ಕೇ. ಜಗತ್ತು ಅಂದರೆ ಶಿಕಾಗೋ, ಲಂಡನ್, ಬಿಲ್ಬಾವೊ ಮಾತ್ರ ಅಲ್ಲ.

ಕಟ್ಟಡ ಇಲ್ಲದಿದ್ದರೆ ಏನು ನಷ್ಟ?

ಬದಲಾವಣೆಯನ್ನು ಬೆಂಬಲಿಸುವವರ ವಾದದಲ್ಲಿ ಹುರುಳಿದೆ. ಎಷ್ಟೇ ದೊಡ್ಡ ಕಟ್ಟಡದಲ್ಲೂ ಒಮ್ಮೆಗೆ ತೋರಿಸಲಾಗುವುದು ಸಂಗ್ರಹದ ಸಣ್ಣ ಪಾಲನ್ನು ಮಾತ್ರ, ಉಳಿದದ್ದು ಯಾವಾಗಲೂ ಉಗ್ರಾಣದಲ್ಲೇ. ಚಿತ್ರಪಟವನ್ನಂತೂ ಕೆಲವು ತಿಂಗಳು ತೂಗುಹಾಕಿ, ಬಣ್ಣ ಮಾಸದಿರಲೆಂದು ಮತ್ತೆ ಕತ್ತಲಲ್ಲಿಡಬೇಕು. ಎರವಲು ಕೊಟ್ಟರೆ ಹಿಮಾಲಯದ ಕಲೆ ನೋಡಲೆಂದೇ ಹೊರಡದ ಜನರೂ ಇವನ್ನು ನೋಡುತ್ತಾರೆ. 2023ರಲ್ಲಿ ಶುರುವಾದ ಪ್ರಾಜೆಕ್ಟ್ ಹಿಮಾಲಯನ್ ಆರ್ಟ್ ಎಂಬ ಯೋಜನೆಯಿಂದ ಅಮೆರಿಕದ ಕಾಲೇಜುಗಳಲ್ಲಿ ಈ ವಿಷಯ ಕಲಿಸಲು ಸಾಮಗ್ರಿ ಸಿಕ್ಕಿದೆ, ವಿಶ್ವವಿದ್ಯಾಲಯಗಳ ಗ್ಯಾಲರಿಗಳಿಗೆ ಪ್ರದರ್ಶನ ಹೋಗುತ್ತಿದೆ.

ವಿರೋಧಿಸುವವರು ಹೇಳುವುದು ಇನ್ನೊಂದು ಸಂಗತಿ. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್ ಸುತ್ತಮುತ್ತ ನೇಪಾಳಿಗಳು, ಟಿಬೆಟನ್ನರು, ಶೆರ್ಪಾಗಳು ಸಾವಿರಾರು ಸಂಖ್ಯೆಯಲ್ಲಿದ್ದಾರೆ. ಟ್ಯಾಕ್ಸಿ ಓಡಿಸಿ, ಮನೆಗೆಲಸ ಮಾಡಿ ಬದುಕುವ ಈ ಕುಟುಂಬಗಳ ಮಕ್ಕಳಿಗೆ ನಗರದ ನಟ್ಟನಡುವೆ ತಮ್ಮದೆನ್ನುವ ಒಂದು ವಿಳಾಸವಿತ್ತು. ಶುಕ್ರವಾರ ಸಂಜೆ ಪ್ರವೇಶ ಉಚಿತವಾಗಿತ್ತು. ಬ್ರೂಕ್ಲಿನ್ ಮ್ಯೂಸಿಯಂ ದೊಡ್ಡದು, ಅಲ್ಲಿಗೆ ಬರುವ ಜನವೂ ಹೆಚ್ಚು. ಆದರೆ ಅಲ್ಲಿ ಟಿಬೆಟ್ ಹಲವು ಕೋಣೆಗಳಲ್ಲಿ ಒಂದು ಕೋಣೆ. ತಮ್ಮ ಕಲೆಯೇ ಇಡೀ ಕಟ್ಟಡವನ್ನು ತುಂಬಿದ್ದನ್ನು ನೋಡುವುದಕ್ಕೂ ದೊಡ್ಡ ಕಟ್ಟಡದ ಒಂದು ಮೂಲೆಯಲ್ಲಿ ಅದನ್ನು ಹುಡುಕುವುದಕ್ಕೂ ವ್ಯತ್ಯಾಸವಿದೆ. ನ್ಯೂಯಾರ್ಕ್‌ನಲ್ಲಿ ಈಗ ಹಿಮಾಲಯದ ಕಲೆಗೇ ಮೀಸಲಾದ ಕಟ್ಟಡವಾಗಿ ಉಳಿದಿರುವುದು ಸ್ಟೇಟನ್ ಐಲೆಂಡ್‌ನ ಬೆಟ್ಟದ ಮೇಲೆ 1947ರಲ್ಲಿ ತೆರೆದ ಜಾಕ್ ಮಾರ್ಷೆ ಟಿಬೆಟನ್ ಕಲಾ ಮ್ಯೂಸಿಯಂ. ಪುಟ್ಟದು, ತಲುಪುವುದೂ ಸುಲಭವಲ್ಲ.

ಮುಂದೆ ಏನಾಗಬಹುದು

ಕಳವಿನ ಪ್ರಶ್ನೆಯ ಮೇಲೆ ಈ ಬದಲಾವಣೆ ಎರಡು ದಿಕ್ಕಿನಲ್ಲಿ ಕೆಲಸ ಮಾಡಬಹುದು. ಒಂದು, ಎರವಲು ಪಡೆಯುವ ಮ್ಯೂಸಿಯಂಗಳು ಈಗ ಎಚ್ಚರ ವಹಿಸುತ್ತವೆ. ಮೂಲದ ದಾಖಲೆ ಸರಿಯಿಲ್ಲದ ವಸ್ತುವನ್ನು ತಮ್ಮ ಗ್ಯಾಲರಿಯಲ್ಲಿಟ್ಟು ನಾಳೆ ಅಲ್ಲಿಂದಲೇ ಜಪ್ತಿಯಾಗುವ ಮುಜುಗರ ಯಾರಿಗೂ ಬೇಡ. ಹಾಗಾಗಿ ಎರವಲನ್ನೇ ನಂಬಿಕೊಂಡ ಸಂಸ್ಥೆ ತನ್ನ ವಸ್ತುಗಳ ಹಿನ್ನೆಲೆಯನ್ನು ಮೊದಲೇ ಶೋಧಿಸಲೇಬೇಕಾಗುತ್ತದೆ. ಇದು ಒಳ್ಳೆಯ ಒತ್ತಡ. ಇನ್ನೊಂದು, ಅನುಮಾನದ ವಸ್ತುವನ್ನು ಎರವಲಿಗೆ ಕೊಡದೆ ಉಗ್ರಾಣದಲ್ಲೇ ಸುಮ್ಮನೆ ಇಟ್ಟುಬಿಡಬಹುದು. ಗ್ಯಾಲರಿ ಇದ್ದಾಗ ಯಾರೋ ಒಬ್ಬ ನೇಪಾಳಿ ಬಂದು, ಇದು ನಮ್ಮ ಓಣಿಯದಲ್ಲವೇ ಎಂದು ಗುರುತಿಸುವ ಸಾಧ್ಯತೆ ಇತ್ತು. ಬೀಗ ಹಾಕಿದ ಉಗ್ರಾಣದಲ್ಲಿ ಅದು ಇಲ್ಲ.

ಈ ಎರಡರಲ್ಲಿ ಯಾವುದಾಗುತ್ತದೆ ಎಂಬುದು ಅಂತರ್ಜಾಲದಲ್ಲಿ ಸಂಸ್ಥೆ ಏನನ್ನು ಹಾಕುತ್ತದೆ ಎಂಬುದರ ಮೇಲೆ ನಿಂತಿದೆ. ಧ್ಯಾನದ ಧ್ವನಿಮುದ್ರಣ, ಪಾಡ್‌ಕಾಸ್ಟ್, ಚಂದದ ವೀಡಿಯೊ ಇದ್ದರೆ ಇರಲಿ. ಆದರೆ ಇತುಂಬಹಾದ ಅಪ್ಸರೆ ಸಿಕ್ಕಿದ್ದು ಫೋಟೊ ಹೋಲಿಸಿದ್ದರಿಂದ. ನಾಲ್ಕು ಸಾವಿರ ವಸ್ತುಗಳ ಮುಂಬದಿ, ಹಿಂಬದಿ, ತಳದ ಸ್ಪಷ್ಟ ಚಿತ್ರಗಳು, ಯಾವ ವರ್ಷ ಯಾರಿಂದ ಕೊಂಡದ್ದು, ಅದಕ್ಕೂ ಮೊದಲು ಎಲ್ಲಿತ್ತು, ಮಾಹಿತಿ ಇಲ್ಲದಿದ್ದರೆ ಇಲ್ಲ ಎಂಬ ಒಪ್ಪಿಗೆ, ಇಷ್ಟು ಬಹಿರಂಗವಾದರೆ ಕಠ್ಮಂಡುವಿನ ಓಣಿಯಲ್ಲಿ ಕೂತ ಹುಡುಗನೂ ನ್ಯೂಯಾರ್ಕ್‌ನ ಉಗ್ರಾಣವನ್ನು ನೋಡಬಲ್ಲ. ಆಗ ಕಟ್ಟಡ ಮುಚ್ಚಿದ್ದರಿಂದ ಕಳೆದುಹೋದದ್ದಕ್ಕಿಂತ ಹೆಚ್ಚಿನದು ಸಿಕ್ಕಂತೆ. ಆಯ್ದ ವಸ್ತುಗಳ ಸುಂದರ ಚಿತ್ರ ಮಾತ್ರ ಹಾಕಿ ಉಳಿದದ್ದನ್ನು ಮುಚ್ಚಿಟ್ಟರೆ, ಗೋಡೆ ತೆಗೆದಿದ್ದೇವೆ ಎನ್ನುವ ಮಾತಿಗೆ ಬೆಲೆಯಿಲ್ಲ.

ಬ್ರೂಕ್ಲಿನ್‌ನ ಒಪ್ಪಂದ 2031ರ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಕಲಾವಿದರಿಗೆ ಕೊಡುವ ವಾರ್ಷಿಕ 30,000 ಡಾಲರ್ ಪ್ರಶಸ್ತಿ ಹಲವರ ಕೈ ಸೇರಿರುತ್ತದೆ, ಸಂಶೋಧನಾ ಅನುದಾನಗಳಿಂದ ಪುಸ್ತಕಗಳು ಬಂದಿರುತ್ತವೆ. ಆದರೆ ದೇವರಮನೆಯ ಆ ನೂರಕ್ಕೂ ಹೆಚ್ಚು ವಸ್ತುಗಳು ಮತ್ತೆ ಉಗ್ರಾಣಕ್ಕೆ ಹೋಗುತ್ತವೋ, ಇನ್ನೊಂದು ಅಮೆರಿಕನ್ ನಗರಕ್ಕೋ, ಅಥವಾ ಹಿಮಾಲಯದ ಜನ ಇರುವ ಕಡೆಗೋ ಎಂಬುದನ್ನು ಆಗ ಒಂದು ಖಾಸಗಿ ಆಡಳಿತ ಮಂಡಳಿ ನಿರ್ಧರಿಸುತ್ತದೆ. ಆ ನಿರ್ಧಾರದಲ್ಲಿ ಟಿಬೆಟನ್ ಮಠಗಳಿಗೂ ನೇಪಾಳದ ವಿಹಾರಗಳಿಗೂ ಒಂದು ಅಧಿಕೃತ ಸ್ಥಾನ ಕೊಡಬೇಕೆಂಬ ಬೇಡಿಕೆಯನ್ನು ಈಗಲೇ, ಒಪ್ಪಂದದ ಅವಧಿ ಇನ್ನೂ ಉಳಿದಿರುವಾಗಲೇ ಮುಂದಿಡಬೇಕು.